ಟ್ಯಾಂಕಿನ ಮುಚ್ಚಳ ಮತ್ತು ಸೂಜಿಯಕ್ಕನ ಬಿ.ಪಿ.

ಈ ಕಥೆ ನಡೆಯುವ ದೇಶದಲ್ಲಿ ಯಾರನ್ನೂ ಕಾರಣವಿಲ್ಲದೆ ಬಂಧಿಸುವಂತಿಲ್ಲ. ಮೊದಲು ಬಂಧಿಸಿ, ಕಾರಣವನ್ನು ಆಮೇಲೆ ಸಾವಕಾಶವಾಗಿ ಒದಗಿಸುವುದಕ್ಕೆ ಮಾತ್ರ ಕಾನೂನಿನಲ್ಲಿ ಅವಕಾಶ ಉಂಟು. ಈ ಅವಕಾಶವನ್ನು ಸರ್ಕಾರ ಒಮ್ಮೆಯೂ ದುರುಪಯೋಗಪಡಿಸಿಕೊಂಡಿಲ್ಲ. ಉಪಯೋಗಿಸಿಕೊಂಡಿದೆ, ಅಷ್ಟೇ.

ಸೂಜಿಯಕ್ಕ ಅಲ್ಲಿನ ಸರ್ಕಾರಿ ಮಕ್ಕಳ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಬೇರೆ ದೇಶದವಳು, ಮಗಳನ್ನು ತನ್ನ ಅಕ್ಕನ ಮಡಿಲಿಗೆ ಹಾಕಿ ದುಡಿಯಲು ಬಂದವಳು. ಆ ಅಡ್ಡಹೆಸರು ಇಟ್ಟದ್ದು ವಾರ್ಡಿನ ಮಕ್ಕಳು. ಎಂಥ ಎಳೆಗೂಸಿನ ನರವಾದರೂ ಅವಳ ಬೆರಳಿಗೆ ಸಿಗುತ್ತಿತ್ತು. ಚುಚ್ಚುವ ಮುಂಚೆ "ನಿನ್ನ ಹೆಸರೇನಪ್ಪ?" ಎಂದು ಕೇಳುವುದು ಅವಳ ಪದ್ಧತಿ. ಬೆಳಿಗ್ಗೆ ಕೇಳಿದ ಮಗುವನ್ನೇ ಮಧ್ಯಾಹ್ನ ಮತ್ತೆ ಕೇಳುವಳು. "ಅಕ್ಕಂಗೆ ಮರೆವು" ಎಂದು ಮಕ್ಕಳು ನಗುತ್ತಿದ್ದವು. ಮರೆವಲ್ಲ. ಒಬ್ಬರ ಔಷಧಿ ಇನ್ನೊಬ್ಬರ ಮೈಗೆ ಹೋಗಬಾರದು ಎಂಬುದು ನರ್ಸಿಂಗ್ ಶಾಲೆಯ ಮೊದಲ ಪಾಠ. ಒಬ್ಬರ ಶಿಕ್ಷೆ ಇನ್ನೊಬ್ಬರ ಮೈಗೆ ಹೋಗಬಾರದು ಎಂಬ ಪಾಠ ಕಾನೂನು ಶಾಲೆಯಲ್ಲಿ ಇದೆಯೋ ಇಲ್ಲವೋ, ಆಗ ಅವಳಿಗೆ ತಿಳಿದಿರಲಿಲ್ಲ.

ಅವಳಿಗಿದ್ದ ಇನ್ನೊಂದು ಚಾಳಿ ಎಂದರೆ ಸೋಮವಾರದ ಸಭೆಯಲ್ಲಿ ಬಾಯಿ ತೆರೆಯುವುದು. ಪ್ರತಿ ಸೋಮವಾರ ಆಸ್ಪತ್ರೆಯ ಸೂಪರಿಂಟೆಂಡೆಂಟರು ಸಿಬ್ಬಂದಿಯನ್ನೆಲ್ಲ ಕೂರಿಸಿಕೊಂಡು "ಯಾರದಾದರೂ ದೂರು ಇದೆಯೇ?" ಎಂದು ಕೇಳುತ್ತಿದ್ದರು. ಕೇಳಬೇಕೆಂಬುದು ನಿಯಮ. ಇಲ್ಲ ಎನ್ನಬೇಕೆಂಬುದು ರೂಢಿ. ಸೂಜಿಯಕ್ಕ ಪಾಪ, ನಿಯಮವನ್ನು ನಂಬಿದವಳು.

"ಸರ್, ಮಾಳಿಗೆ ಮೇಲಿನ ನೀರಿನ ಟ್ಯಾಂಕಿಗೆ ಮುಚ್ಚಳ ಇಲ್ಲ. ಪಾರಿವಾಳ ಒಳಗೆ ಬೀಳ್ತವೆ."

"ಮುಚ್ಚಳ ಇದೆಯಲ್ಲಮ್ಮ. ಗೇಟಿನ ಮೇಲಿದೆ."

ಅದೂ ನಿಜವೇ. ಶುದ್ಧ ನೀರಿನ ಸಪ್ತಾಹ ಬಂದಾಗ, ಪ್ರತಿ ಆಸ್ಪತ್ರೆಯ ಗೇಟಿಗೂ ಒಂದು ದುಂಡನೆಯ ಫಲಕ ಹಾಕತಕ್ಕದ್ದೆಂದು ಆರೋಗ್ಯ ಇಲಾಖೆ ಸುತ್ತೋಲೆ ಕಳಿಸಿತ್ತು. ಫಲಕ ಕಳಿಸಿರಲಿಲ್ಲ. ಇಡೀ ಆಸ್ಪತ್ರೆಯಲ್ಲಿ ದುಂಡಗೂ ದೊಡ್ಡದಾಗಿಯೂ ಇದ್ದದ್ದು ಟ್ಯಾಂಕಿನ ಮುಚ್ಚಳ ಒಂದೇ. (ಸೂಪರಿಂಟೆಂಡೆಂಟರೂ ದುಂಡಗೇ ಇದ್ದರು, ಆದರೆ ಅವರನ್ನು ಗೇಟಿಗೆ ಬಿಗಿಯಲು ಬರುವಂತಿರಲಿಲ್ಲ.) ಮುಚ್ಚಳವನ್ನು ಇಳಿಸಿ, ಬಿಳಿ ಬಣ್ಣ ಬಳಿದು, ನೀಲಿ ಅಕ್ಷರದಲ್ಲಿ 'ಶುದ್ಧ ನೀರೇ ಜೀವ' ಎಂದು ಬರೆಸಿ, ಗೇಟಿಗೆ ತೂಗುಹಾಕಿದರು. ಸಪ್ತಾಹ ಮುಗಿಯಿತು. ಸರ್ಕಾರದ ಘೋಷಣೆಯನ್ನು ಕೆಳಗಿಳಿಸುವುದು ಅಪರಾಧವಾದ್ದರಿಂದ ಮುಚ್ಚಳ ಅಲ್ಲೇ ಉಳಿಯಿತು. ಸೂಜಿಯಕ್ಕ ತನ್ನ ವಾರ್ಡಿನ ನೀರನ್ನು ಕಾಯಿಸಿ, ಆರಿಸಿ ಕೊಡುತ್ತಿದ್ದಳು. ಮುಂದಿನ ಸೋಮವಾರ ಮತ್ತೆ ಎದ್ದು ನಿಲ್ಲುತ್ತಿದ್ದಳು.

ಇಷ್ಟರಲ್ಲಿ, ಪ್ರವಾಸಕ್ಕೆಂದು ಸೂಜಿಯಕ್ಕನ ತಾಯ್ನಾಡಿಗೆ ಹೋಗಿದ್ದ ಈ ದೇಶದ ಅಧ್ಯಕ್ಷರ ಅಳಿಯ ಅಲ್ಲಿನ ರಾಜಧಾನಿಯಲ್ಲಿ ಕಾರು ಹಾರಿಸಿ, ಕೈ ಅಡ್ಡ ಹಿಡಿದ ಟ್ರಾಫಿಕ್ ಪೊಲೀಸನ ಕಾಲು ಮುರಿದ. "ನಾನು ಯಾರು ಗೊತ್ತಾ?" ಎಂದು ಕೇಳಿದ. ಆ ಪೊಲೀಸನಿಗೆ ಗೊತ್ತಿರಲಿಲ್ಲ. ಅಲ್ಲಿನ ನ್ಯಾಯಾಲಯಕ್ಕೂ ಗೊತ್ತಿರಲಿಲ್ಲವಾಗಿ, ಒಂದು ಮಾವನ ಮನೆಯ ಅಳಿಯ ಇನ್ನೊಂದು ಮಾವನ ಮನೆ ಸೇರಿದ.

ಇತ್ತ ವಿದೇಶಾಂಗ ಕಾರ್ಯದರ್ಶಿಗಳ ಕೋಣೆಯಲ್ಲಿ ತುರ್ತು ಸಭೆ ಸೇರಿತು.

"ನಮ್ಮವರನ್ನ ಅವರು ಒಳಗೆ ಹಾಕಿದ್ದಾರೆ. ಅವರವರು ನಮ್ಮಲ್ಲಿ ಯಾರಿದ್ದಾರೆ?" ಎಂದು ಕಾರ್ಯದರ್ಶಿಗಳು ಕೇಳಿದರು.

"ಒಂದು ಸರ್ಕಸ್ ಕಂಪನಿ ಇತ್ತು ಸರ್. ಹೋದ ವಾರ ಡೇರೆ ಕಿತ್ತರು," ಎಂದ ಸಹಾಯಕ.

"ಥೂ. ಇನ್ಯಾರು?"

"ಮಕ್ಕಳ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಇದ್ದಾಳೆ."

"ಅಳಿಯಂದಿರಿಗೆ ನರ್ಸಮ್ಮ ಸಮ ಆಗ್ತಾಳೇನ್ರೀ?"

"ಹಿರಿಯ ನರ್ಸು ಸರ್. ಮೇಲೆ, ಅಪರಾಧ ದೊಡ್ಡದು ಹಾಕಿದರೆ ತೂಕ ತಾನಾಗಿ ಬರುತ್ತೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಹಳ್ಳಿಯ ಹಿರಿಯರು ಗಾದೆಯಲ್ಲಿ ಮಾತ್ರ ಹೇಳಿ ಬಿಟ್ಟಿದ್ದರು. ಅದಕ್ಕೊಂದು ಇಲಾಖೆಯ ಮೊಹರು ಬಿದ್ದದ್ದು ಆ ದಿನ.

ಇನ್‌ಸ್ಪೆಕ್ಟರು ವಾರ್ಡಿಗೆ ಬಂದಾಗ ಸೂಜಿಯಕ್ಕನ ಕೈಯಲ್ಲಿ ಒಂದು ಮಗುವಿನ ತೋಳಿತ್ತು. "ಒಂದು ನಿಮಿಷ ಇರಿ, ಈ ಕಾಲು ಸ್ವಲ್ಪ ಹಿಡ್ಕೊಳ್ಳಿ," ಎಂದಳು. ಇನ್‌ಸ್ಪೆಕ್ಟರು ಮಗುವಿನ ಕಾಲು ಹಿಡಿದುಕೊಂಡು, ಸೂಜಿ ನೋಡಲಾರದೆ ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೆ ಅವಳನ್ನು ಬಂಧಿಸಿದರು.

ಕಾರಣ ಹುಡುಕಲು ಹೆಚ್ಚು ಶ್ರಮ ಬೇಕಾಗಲಿಲ್ಲ. ಬೇರೆ ವಾರ್ಡುಗಳಲ್ಲಿ ಆಗಲೇ ವಾಂತಿ ಭೇದಿ ಹಬ್ಬಿತ್ತು. ಕೆಲವು ಹಾಸಿಗೆಗಳು ಖಾಲಿಯಾಗಿದ್ದವು. ಖಾಲಿ ಮಾಡಿದ ಮಕ್ಕಳು ಮನೆಗೆ ಹೋಗಿರಲಿಲ್ಲ. ನೀರಿನಿಂದಲೇ ಆದದ್ದು ಎಂದು ಪ್ರಯೋಗಾಲಯ ಹೇಳಿತು. ಹಾಗಾದರೆ ನೀರನ್ನು ಕೆಡಿಸಿದವರು ಇರಲೇಬೇಕು. ಇರಬೇಕಾದವರು ಆಗಲೇ ಲಾಕಪ್ಪಿನಲ್ಲಿದ್ದರು.

ವಿಚಾರಣೆ ಕ್ರಮಬದ್ಧವಾಗಿ ನಡೆಯಿತು.

"ನೀರು ಕೆಟ್ಟಿದೆ ಅಂತ ಆ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ಯಾರಿಗೆ?" ಎಂದು ಸರ್ಕಾರಿ ವಕೀಲರು ಕೇಳಿದರು.

"ನನಗೆ," ಎಂದಳು ಸೂಜಿಯಕ್ಕ.

"ಕೆಡಿಸಿದವರಿಗಲ್ಲದೆ ಇನ್ಯಾರಿಗೆ ಅಷ್ಟು ಬೇಗ ಗೊತ್ತಾಗುತ್ತೆ, ಮಹಾಸ್ವಾಮಿ?"

ಸೂಪರಿಂಟೆಂಡೆಂಟರು ಸಾಕ್ಷಿಕಟ್ಟೆ ಹತ್ತಿ ಕಣ್ಣೊರೆಸಿಕೊಂಡರು. "ಪ್ರತಿ ಸೋಮವಾರ ಎದ್ದು ನಿಂತು ಹೇಳ್ತಿದ್ದಳು ಮಹಾಸ್ವಾಮಿ. ನಾವು ಮುಗ್ಧರು, ಅದನ್ನ ದೂರು ಅಂದ್ಕೊಂಡ್ವಿ. ಬೆದರಿಕೆ ಅಂತ ಈಗ ಹೊಳೀತಿದೆ."

ಮಗುವನ್ನು ಕಳೆದುಕೊಂಡ ಒಬ್ಬ ತಾಯಿಯನ್ನೂ ಕರೆಸಿದರು. ಅವಳು ಬಂದು, "ಆ ನರ್ಸಮ್ಮ ನೀರು ಕಾಯಿಸಿ ಕೊಡ್ತಿದ್ದಳು. ಅವಳ ವಾರ್ಡಲ್ಲಿ ಹಾಸಿಗೆ ಸಿಕ್ಕಿದ್ದಿದ್ದರೆ ನನ್ನ ಕೂಸು ಉಳೀತಿತ್ತು," ಎಂದುಬಿಟ್ಟಳು. ಸರ್ಕಾರಿ ವಕೀಲರು ಸುಧಾರಿಸಿಕೊಂಡು ನುಡಿದರು: "ಗಮನಿಸಬೇಕು ಮಹಾಸ್ವಾಮಿ. ಇವಳ ವಾರ್ಡಿನ ಮಕ್ಕಳಿಗೆ ಮಾತ್ರ ಏನೂ ಆಗಿಲ್ಲ. ಇದಕ್ಕಿಂತ ಪುರಾವೆ ಬೇಕೆ?"

ಗೇಟಿನ ಮೇಲಿರುವ ಮುಚ್ಚಳವನ್ನು ಒಮ್ಮೆ ತರಿಸಿ ನೋಡಬೇಕೆಂದು ಸೂಜಿಯಕ್ಕನ ವಕೀಲ ಬೇಡಿದ. ಅದು ಮುಚ್ಚಳವಲ್ಲ, ಸರ್ಕಾರದ ಘೋಷಣೆ. ಘೋಷಣೆಯನ್ನು ನ್ಯಾಯಾಲಯಕ್ಕೆ ಎಳೆದು ತರಲು ಬರುವುದಿಲ್ಲ ಎಂದು ತೀರ್ಮಾನವಾಯಿತು.

ನ್ಯಾಯಾಧೀಶರು ಮೃದು ಸ್ವಭಾವದವರು. "ಏನಾದರೂ ಹೇಳೋದಿದೆಯೇನಮ್ಮ?" ಎಂದು ಕೇಳಿದರು.

"ಆ ಟ್ಯಾಂಕಿಗೆ ಮುಚ್ಚಳ ಹಾಕ್ಸಿ ಸ್ವಾಮಿ."

'ಆರೋಪಿಗೆ ಪಶ್ಚಾತ್ತಾಪವಿಲ್ಲ' ಎಂದು ಬರೆದುಕೊಂಡು, ಗಲ್ಲು ಎಂದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲು ಬಿಡದಿದ್ದದ್ದು ಆ ದೇಶದ ಮಾನವೀಯತೆ. ಕಾರಾಗೃಹ ನಿಯಮಾವಳಿಯ ಪ್ರಕಾರ ರೋಗಿಯನ್ನು ಗಲ್ಲಿಗೇರಿಸುವುದು ಕ್ರೌರ್ಯ. ಶಿಕ್ಷೆಗೆ ಒಳಗಾಗುವ ವ್ಯಕ್ತಿಯು ಸಂಪೂರ್ಣ ಆರೋಗ್ಯವಾಗಿರತಕ್ಕದ್ದು. ಆರೋಗ್ಯವನ್ನು ನೋಂದಾಯಿತ ನರ್ಸೊಬ್ಬರು ವಾರಕ್ಕೊಮ್ಮೆ ಪರೀಕ್ಷಿಸಿ ದೃಢಪಡಿಸತಕ್ಕದ್ದು. ಜೈಲಿನ ನರ್ಸು ಬೇರೆ ಯಾವುದೋ ದೇಶದವಳು. ಸೂಜಿಯಕ್ಕನ ತೀರ್ಪು ಕೇಳಿದ ಸಂಜೆಯೇ ಪೆಟ್ಟಿಗೆ ಕಟ್ಟಿದ್ದಳು. ಈಗ ಆ ಗೋಡೆಗಳ ಒಳಗಿದ್ದ ನೋಂದಾಯಿತ ನರ್ಸು ಒಬ್ಬಳೇ.

ಜೈಲರು ತೋಳಿನ ಪಟ್ಟಿ, ರಬ್ಬರ್ ಬುಗ್ಗೆ, ಮೀಟರು ಎಲ್ಲ ಇದ್ದ ಬಿ.ಪಿ. ಮೆಷಿನ್ನು ಹಿಡಿದುಕೊಂಡು ಬಂದು ಸಂಕೋಚದಿಂದ ನಿಂತರು. "ತಪ್ಪು ತಿಳ್ಕೋಬೇಡಿ ಸಿಸ್ಟರ್. ನಿಮ್ಮನ್ನ ನೀವೇ ನೋಡ್ಕೋಬೇಕು."

"ಹೆಸರೇನಮ್ಮ?" ಎಂದು ಸೂಜಿಯಕ್ಕ ತನ್ನನ್ನು ತಾನೇ ಕೇಳಿಕೊಂಡಳು. ಹೆಸರು ಹೇಳಿಕೊಂಡಳು. ತೋಳಿಗೆ ಪಟ್ಟಿ ಸುತ್ತಿ, ಬುಗ್ಗೆ ಒತ್ತಿ, ಮುಳ್ಳು ನೋಡಿದಳು. ಗಲ್ಲಿಗೆ ಕಾದಿರುವ ಹೆಂಗಸಿನ ಬಿ.ಪಿ. ಎಷ್ಟಿರಬೇಕೋ ಅಷ್ಟಿತ್ತು.

"ತುಂಬಾ ಜಾಸ್ತಿ ಇದೆ ಸರ್."

"ಛೆ. ಹಾಗಾದ್ರೆ ಈ ವಾರ ಆಗಲ್ಲ." ಜೈಲರಿಗೆ ನಿಜವಾಗಿ ಬೇಸರವಾಯಿತು. "ಟೆನ್ಷನ್ ಮಾಡ್ಕೋಬೇಡಿ ಸಿಸ್ಟರ್. ನೀವು ಆರಾಮಾಗಿದ್ದಷ್ಟೂ ಎಲ್ಲಾ ಬೇಗ ಮುಗಿಯುತ್ತೆ."

"ಅದೇ ಸರ್ ಟೆನ್ಷನ್ನು."

ಅವಳ ಆರೋಗ್ಯ ಸುಧಾರಣೆಗೆ ಸಮಿತಿ ನೇಮಕವಾಯಿತು. ಅವಳಿಗೆ ಉಪ್ಪಿಲ್ಲದ ಊಟ, ಗಾಳಿ ಬೆಳಕಿನ ಕೋಣೆ. ಕಾವಲುಗಾರ ಬೂಟು ಬಿಟ್ಟು ಬರಿಗಾಲಲ್ಲಿ ಓಡಾಡತಕ್ಕದ್ದೆಂದು ಆದೇಶ. ಇಷ್ಟು ಆರೈಕೆ ಅವಳಿಗೆ ಬಾಣಂತನದಲ್ಲೂ ಸಿಕ್ಕಿರಲಿಲ್ಲ. ಬಿ.ಪಿ. ಇಳಿಯಲಿಲ್ಲ.

ವಿದೇಶಾಂಗ ಇಲಾಖೆಗೂ ಅವಸರವಿರಲಿಲ್ಲ. ಗಲ್ಲಿಗೇರಿಸಿದ ನರ್ಸಿಗೆ ಬದಲಾಗಿ ಯಾರೂ ಅಳಿಯನನ್ನು ಕೊಡುವುದಿಲ್ಲ ಎಂಬಷ್ಟು ವ್ಯವಹಾರಜ್ಞಾನ ಅವರಿಗೂ ಇತ್ತು. ಹಗ್ಗ ಕಾಣುವಂತಿರಬೇಕು, ಬಿಗಿಯಬಾರದು. ಹೀಗಾಗಿ ಅವಳ ಬಿ.ಪಿ. ಎರಡು ದೇಶಗಳ ಅಧಿಕೃತ ನೀತಿಯಾಯಿತು.

ತಿಂಗಳಿಗೊಮ್ಮೆ ಮಗಳೊಡನೆ ಫೋನಿನಲ್ಲಿ ಮಾತಾಡಲು ಅನುಮತಿ ಇತ್ತು.

"ಅಮ್ಮಾ, ಬಿ.ಪಿ. ಎಷ್ಟಿದೆ?"

"ಜಾಸ್ತಿ ಇದೆ ಕಂದಾ."

"ಸದ್ಯ. ಮಾತ್ರೆ ಗೀತ್ರೆ ತಗೋಬೇಡ ಮತ್ತೆ."

"ಇಲ್ಲಮ್ಮ. ನೀನು ಊಟ ಮಾಡಿದ್ಯಾ?"

"ದೊಡ್ಡಮ್ಮ ಮಾಡ್ಸಿದ್ರು. ಅಮ್ಮಾ, ನೀನು ಖುಷಿಯಾಗಿ ಗಿಷಿಯಾಗಿ ಇರಬೇಡ, ಆಯ್ತಾ?"

ಅಷ್ಟರಲ್ಲಿ ಜೈಲಿನೊಳಗೆ ಒಳ್ಳೆಯ ನರ್ಸಿದ್ದಾಳೆ ಎಂಬ ಸುದ್ದಿ ಹಬ್ಬಿತ್ತು. ಹೊರಗಿನ ನರ್ಸುಗಳೂ ಆಗಲೇ ಪೆಟ್ಟಿಗೆ ಕಟ್ಟಿದ್ದರಲ್ಲ. ಜೈಲರ ತಾಯಿ ಬಂದರು, ಸರ್ಕಾರಿ ವಕೀಲರ ಬೀಗರು ಬಂದರು, ಕೊನೆಗೆ ಸಕ್ಕರೆ ಕಾಯಿಲೆಯ ನ್ಯಾಯಾಧೀಶರೂ ಇಂಜೆಕ್ಷನ್ನಿಗೆ ಬರತೊಡಗಿದರು. ಅವರನ್ನೂ ಅವಳು ಪ್ರತಿ ಸಲ ಹೆಸರು ಕೇಳುತ್ತಿದ್ದಳು. ಅವರು ವಿನಯದಿಂದ ಹೇಳಿ ತೋಳು ಚಾಚುತ್ತಿದ್ದರು.

"ನಿಮ್ಮ ಕೈ ಬಹಳ ಹಗುರ ಸಿಸ್ಟರ್. ಚುಚ್ಚಿದ್ದೇ ಗೊತ್ತಾಗಲ್ಲ."

"ನಿಮ್ಮ ಕೈನೂ ಹಗುರಾನೇ ಸ್ವಾಮಿ. ಒಂದೇ ಏಟಿಗೆ ಬರೆದುಬಿಟ್ರಿ."

ನ್ಯಾಯಾಧೀಶರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು.

ಅವಳ ದೇಶದ ರಾಯಭಾರ ಕಚೇರಿಯಿಂದ ಒಬ್ಬ ಅಧಿಕಾರಿ ಆಗಾಗ ಬರುತ್ತಿದ್ದರು. ಮಾತಿಗೊಮ್ಮೆ 'ಬಾಂಧವ್ಯ' ಎನ್ನುತ್ತಿದ್ದುದರಿಂದ ಕಾವಲುಗಾರರು ಅವರಿಗೆ ಬಾಂಧವ್ಯದ ಸಾಹೇಬರು ಎಂದೇ ಹೆಸರಿಟ್ಟಿದ್ದರು. "ಎರಡೂ ದೇಶದ ಬಾಂಧವ್ಯ ಬಹಳ ಹಳೇದಮ್ಮ. ನಿಮ್ಮೊಬ್ಬರಿಂದ ಅದು ಕೆಡಬಾರದು ನೋಡಿ," ಎನ್ನುವರು. "ನಮ್ಮ ಸರ್ಕಾರ ತೀವ್ರ ಕಳವಳ ವ್ಯಕ್ತಪಡಿಸಿದೆ."

"ವ್ಯಕ್ತಪಡಿಸಿದ ಮೇಲೆ?"

"ಮತ್ತೆ ವ್ಯಕ್ತಪಡಿಸ್ತೀವಿ. ಬಿಡೋ ಮಾತೇ ಇಲ್ಲ." ಹೋಗುವಾಗ ಅವರೂ ಅಂಗಿಯ ತೋಳು ಮಡಚಿ, "ಬಂದಿದ್ದೀನಲ್ಲ, ನಂದೂ ಒಂಚೂರು ನೋಡಿಬಿಡಿ," ಎನ್ನುತ್ತಿದ್ದರು.

ಹೀಗಿರುವಾಗ ಒಂದು ಅನಾಹುತವಾಯಿತು. ಅಧ್ಯಕ್ಷರ ಅಳಿಯ ಶಿಕ್ಷೆಯ ಅವಧಿ ಮುಗಿಸಿ, ಯಾರನ್ನೂ ಕೇಳದೆ, ಎಲ್ಲರಂತೆ ಟಿಕೆಟ್ ತೆಗೆಸಿಕೊಂಡು ಮನೆಗೆ ಬಂದುಬಿಟ್ಟ. ಅಲ್ಲಿನ ಜೈಲಿನಲ್ಲಿ ಬ್ರೆಡ್ ಬೇಯಿಸುವುದನ್ನು ಕಲಿತು ಮೈಕೈ ತುಂಬಿಕೊಂಡಿದ್ದ. ಅತ್ತೆಗೆ ಒಂದು ಬ್ರೆಡ್ ತಂದಿದ್ದ.

ಸುದ್ದಿಯನ್ನು ಸೂಜಿಯಕ್ಕ ಕಾವಲುಗಾರನ ರೇಡಿಯೋದಲ್ಲಿ ಕೇಳಿದಳು. ಅಂದು ಪರೀಕ್ಷೆಯ ದಿನ. ಜೈಲರು ಬರುವ ಹೊತ್ತಿಗೆ ಅವಳ ಮುಖದಲ್ಲಿ ಬಹುಕಾಲದಿಂದ ಯಾರೂ ಕಾಣದಿದ್ದ ಕಳೆ ಇತ್ತು. ಹೆಸರು ಕೇಳಿಕೊಂಡಳು, ಹೇಳಿಕೊಂಡಳು, ಪಟ್ಟಿ ಸುತ್ತಿಕೊಂಡಳು. ಮುಳ್ಳು ನೋಡಿದಳು.

"ಸರ್," ಎಂದಳು ಮೆಲ್ಲಗೆ. "ನಾರ್ಮಲ್."

ಜೈಲರ ಮುಖ ಬಿಳಿಚಿಕೊಂಡಿತು. "ಇನ್ನೊಂದ್ಸಲ ನೋಡಿ."

ನೋಡಿದಳು. "ನಾರ್ಮಲ್ಲೇ ಸರ್. ಸುಳ್ಳು ಹೇಳೋಕೆ ನನಗೆ ಬರಲ್ಲ." ಸ್ವಲ್ಪ ತಡೆದು ಕೇಳಿದಳು, "ಹೇಗಿದ್ರೂ ಇನ್ನು ಬಿಟ್ಟುಬಿಡ್ತೀರಲ್ಲ?"

ಜೈಲರು ಸ್ಟೂಲ್ ಎಳೆದುಕೊಂಡು ಕೂತರು. "ಅದೇ ಹೇಳೋಕೆ ಬಂದೆ ಸಿಸ್ಟರ್. ಬಿಡೋಕೆ ಬರಲ್ವಂತೆ. ನಿಮ್ಮನ್ನ ಇಟ್ಟಿದ್ದು ಅಳಿಯಂದಿರಿಗೆ ಬದಲು ಅಂತ. ಅವರು ತಾವಾಗಿ ಬಂದುಬಿಟ್ರು. ಈಗ ನಿಮ್ಮನ್ನ ಬಿಟ್ರೆ ಅದು ವಿನಿಮಯ ಆಗಲ್ಲ, ದಾನ ಆಗುತ್ತೆ. ದಾನ ಮಾಡೋ ಅಧಿಕಾರ ವಿದೇಶಾಂಗ ಇಲಾಖೆಗೆ ಇಲ್ವಂತೆ."

ಸೂಜಿಯಕ್ಕನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

"ಈಗ ಒಂದ್ಸಲ ನೋಡ್ಕೊಳ್ಳಿ," ಎಂದರು ಜೈಲರು.

ಮುಳ್ಳು ಎಂದಿನ ಜಾಗವನ್ನೂ ದಾಟಿ ಮೇಲೆ ಹೋಯಿತು.

"ಸದ್ಯ. ದೇವರು ದೊಡ್ಡವನು," ಎಂದು ಜೈಲರು ಹಣೆ ಒರೆಸಿಕೊಂಡರು.

ಬಿಕ್ಕಟ್ಟನ್ನು ಬಿಡಿಸಿದ್ದು ಎರಡೂ ಸರ್ಕಾರಗಳ ಸಹಕಾರ. ಬದಲು ಇಲ್ಲದೆ ಇವರು ಕೊಡುವಂತಿಲ್ಲ. ಹಾಗಾದರೆ ಬದಲು ಒಬ್ಬರನ್ನು ಒದಗಿಸಿಕೊಡಿ ಎಂದು ಇವರೇ ಸೂಚಿಸಿದರು. ಅವಳ ತಾಯ್ನಾಡಿನವರು ಸಂತೋಷದಿಂದ ಒಪ್ಪಿದರು. ಬಾಂಧವ್ಯದ ಸಾಹೇಬರು ಜೈಲಿಗೆ ಓಡೋಡಿ ಬಂದರು.

"ಶುಭ ಸುದ್ದಿ ಕಣಮ್ಮ. ನಿಮಗೆ ಬದಲು ಸಿಕ್ಕಿದ್ದಾರೆ."

"ಯಾರು?"

"ಒಬ್ಬ ಹಲ್ಲಿನ ಡಾಕ್ಟರು. ಹುಟ್ಟಿದ್ದು ಈ ದೇಶದಲ್ಲಿ. ನಮ್ಮಲ್ಲಿಗೆ ಬಂದು, ತಲೆ ನೆರೆಯೋವರೆಗೂ ಹಲ್ಲು ಕಿತ್ತಿದ್ದಾರೆ. ನಿನ್ನೆ ಕ್ಲಿನಿಕ್ಕಿಂದಲೇ ಎತ್ತಾಕ್ಕೊಂಡು ಬಂದ್ರು."

"ಅವರೇನು ತಪ್ಪು ಮಾಡಿದ್ರು?"

"ಹಲ್ಲು ಕಿತ್ತಿದ್ದಾರೆ ಅಂದ್ನಲ್ಲಮ್ಮ. ಅಷ್ಟರಲ್ಲಿ ಗಟ್ಟಿ ಹಲ್ಲು ಒಂದಾದ್ರೂ ಇರಲ್ವಾ? ಹುಡುಕ್ತಿದ್ದಾರೆ."

"ನಾನು ಒಪ್ಪಲಿಲ್ಲ ಅಂದ್ರೆ?"

"ಹಿಡಿದದ್ದಂತೂ ಆಯ್ತು. ಒಪ್ಪಲಿಲ್ಲ ಅಂದ್ರೆ ಅವರು ಅಲ್ಲಿ ಒಳಗೆ, ನೀವು ಇಲ್ಲಿ ಒಳಗೆ. ಮಗಳನ್ನ ನೆನೆಸ್ಕೊಳ್ಳಿ ತಾಯಿ."

ಅವಳು ನೆನೆಸಿಕೊಳ್ಳದೆ ಇದ್ದ ಹೊತ್ತೇ ಇರಲಿಲ್ಲ. ಒಪ್ಪಿದಳು.

ನ್ಯಾಯಾಧೀಶರು ಗಲ್ಲನ್ನು 'ಗಡಿಯಾಚೆ ಅನುಭವಿಸತಕ್ಕ ಸದ್ಭಾವನೆ'ಯಾಗಿ ಪರಿವರ್ತಿಸಿ ಆದೇಶ ಹೊರಡಿಸಿ, ಇನ್ನು ಇಂಜೆಕ್ಷನ್ನಿಗೆ ಎಲ್ಲಿಗೆ ಹೋಗುವುದೆಂದು ಚಿಂತಿಸುತ್ತ ಮನೆಗೆ ನಡೆದರು.

ವಿಮಾನ ನಿಲ್ದಾಣದಲ್ಲಿ ಎರಡು ವಿಮಾನಗಳ ನಡುವೆ ಒಂದು ಗೆರೆ ಎಳೆದಿದ್ದರು. ಸುಡುವ ಬಿಸಿಲು. ಆ ಕಡೆಯಿಂದ ಡಾಕ್ಟರು ಬಂದರು. ಬಿಳಿ ಕೋಟು ಇನ್ನೂ ಮೈಮೇಲೆಯೇ ಇತ್ತು. ಕಾಲಿಗೆ ಕ್ಲಿನಿಕ್ಕಿನೊಳಗೆ ಹಾಕಿಕೊಳ್ಳುವ ಚಪ್ಪಲಿ. ಗೆರೆಯ ಬಳಿ ಇಬ್ಬರೂ ನಿಂತರು. ಸೂಜಿಯಕ್ಕ ಅಭ್ಯಾಸಬಲದಿಂದ ಕೇಳಿದಳು, "ನಿಮ್ಮ ಹೆಸರೇನು?"

ಅವರು ಹೇಳಿದರು. "ಯಾಕಮ್ಮ?"

"ಒಬ್ಬರದು ಇನ್ನೊಬ್ಬರ ಮೈಗೆ ಹೋಗಬಾರದು ಅಂತ ಕೇಳೋದು. ಹೋಯ್ತು."

"ನನಗೆ ಇಲ್ಲಿ ಯಾರೂ ಇಲ್ಲಮ್ಮ," ಎಂದರು ಡಾಕ್ಟರು, ತಮ್ಮ ತಾಯ್ನಾಡಿನ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತ. "ಹೆಂಡತಿ, ಮನೆ ಎಲ್ಲಾ ಅಲ್ಲೇ. ಕುರ್ಚಿ ಮೇಲೆ ಒಬ್ಬರು ಬಾಯಿ ತೆಗೆದುಕೊಂಡು ಕೂತಿದ್ರು. ಅರ್ಧ ಆಗಿತ್ತು. ಏನು ಮಾಡ್ಕೊಂಡ್ರೋ."

ಗೆರೆ ದಾಟಿಸಿದರು. ಜಂಟಿ ಪ್ರಕಟಣೆ ಹೊರಬಿತ್ತು: 'ಉಭಯ ದೇಶಗಳೂ ತಮ್ಮ ತಮ್ಮ ಪ್ರಜೆಗಳನ್ನು ಅನ್ಯಾಯದ ಸೆರೆಯಿಂದ ಬಿಡಿಸಿಕೊಂಡಿವೆ. ಅನ್ಯಾಯ ಯಾರಿಂದ ಆಯಿತೆಂಬ ಕ್ಷುಲ್ಲಕ ಪ್ರಶ್ನೆಯನ್ನು ಬಾಂಧವ್ಯದ ಹಿತದೃಷ್ಟಿಯಿಂದ ಕೈಬಿಡಲಾಗಿದೆ.' ಎರಡೂ ಕಡೆ ಹೂಮಾಲೆ ಹಾಕಿದರು. ಡಾಕ್ಟರ ಕೊರಳಿಗೆ ಮಾಲೆ ಹಾಕಿದವನು ಅಧ್ಯಕ್ಷರ ಅಳಿಯ.

ಮಗಳು ಅವಳೆತ್ತರಕ್ಕೆ ಬೆಳೆದಿದ್ದಳು. ಅವಳನ್ನು ತಬ್ಬಿಕೊಂಡು ಸೂಜಿಯಕ್ಕ ಬಹಳ ಹೊತ್ತು ಬಿಡಲಿಲ್ಲ.

ತಾಯ್ನಾಡು ಅವಳ ತ್ಯಾಗವನ್ನು ಮೆಚ್ಚಿ ರಾಜಧಾನಿಯ ಮಕ್ಕಳ ಆಸ್ಪತ್ರೆಗೆ ಮೇಟ್ರನ್ ಆಗಿ ನೇಮಿಸಿತು. ಮೊದಲ ದಿನ, ಒಂದು ಸೋಮವಾರ, ಗೇಟಿನ ಬಳಿ ಆಟೋ ಇಳಿದು ತಲೆಯೆತ್ತಿದಳು. ಗೇಟಿನ ಮೇಲೆ ದುಂಡನೆಯ ಫಲಕ. ಹಸಿರು ಅಕ್ಷರದಲ್ಲಿ 'ನಮ್ಮ ಮಕ್ಕಳು, ನಮ್ಮ ನಾಳೆ.' ಫಲಕದ ಅಂಚಿನಲ್ಲಿ ಹಿಡಿಕೆ 'ನಾಳೆ'ಯ ಪಕ್ಕ ಎದ್ದು ಕಾಣುತ್ತಿತ್ತು. ಅವಳು ಇನ್ನೂ ಸ್ವಲ್ಪ ತಲೆಯೆತ್ತಿ ಮಾಳಿಗೆಯನ್ನು ನೋಡಿದಳು. ಟ್ಯಾಂಕಿನ ಬಾಯಿಯ ಸುತ್ತ ಪಾರಿವಾಳಗಳು ಸಭೆ ಸೇರಿದ್ದವು.

ಒಳಗೂ ಸಭೆ ಸೇರಿತ್ತು. ಅಲ್ಲಿನ ಸೂಪರಿಂಟೆಂಡೆಂಟರು ಅವಳನ್ನು ಹಾಡಿ ಹೊಗಳಿ ಕೂರಿಸಿ, ಆಮೇಲೆ ಎಲ್ಲರತ್ತ ನೋಡಿ ಕೇಳಿದರು, "ಯಾರದಾದರೂ ದೂರು ಇದೆಯೇ?"

ಅವಳ ಪಕ್ಕದ ಕುರ್ಚಿಯಲ್ಲಿ ಮತ್ತಾವುದೋ ದೂರದೇಶದಿಂದ ಬಂದ ಎಳೆಯ ನರ್ಸೊಬ್ಬಳು ಕೂತಿದ್ದಳು. ಆ ಹುಡುಗಿ ಎದ್ದು ನಿಂತಳು. "ಸರ್, ಮಾಳಿಗೆ ಮೇಲಿನ ನೀರಿನ..."

ಸೂಜಿಯಕ್ಕ ಅವಳ ಏಪ್ರನ್ನಿನ ಅಂಚು ಹಿಡಿದು ಎಳೆದಳು. "ಕೂತ್ಕೋ ಮಗಳೇ." ತಾನು ಎದ್ದು ನಿಂತಳು. "ಏನಿಲ್ಲ ಸರ್. ಮಾಳಿಗೆ ಮೇಲಿನ ನೀರು ಬಹಳ ಚೆನ್ನಾಗಿದೆ ಅಂತ ಹೇಳ್ತಿದ್ದಾಳೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಸ ಮೇಟ್ರನ್ ಬಂದ ಸಂತೋಷಕ್ಕೆ ಎಲ್ಲರಿಗೂ ಒಂದೊಂದು ಲೋಟ ನೀರು ಹಂಚಿದರು. ಸೂಜಿಯಕ್ಕ ತನ್ನ ಲೋಟವನ್ನು ಕೊನೆಯ ಹನಿಯವರೆಗೂ ಕುಡಿದಳು.

ಸಭೆ ಮುಗಿದ ಮೇಲೆ, ಕೆಲಸಕ್ಕೆ ಸೇರುವವರ ಆರೋಗ್ಯ ತಪಾಸಣೆ. ಆ ಎಳೆಯ ನರ್ಸೇ ಅವಳ ತೋಳಿಗೆ ಪಟ್ಟಿ ಸುತ್ತಿ, ಬುಗ್ಗೆ ಒತ್ತಿ, ಮುಳ್ಳು ನೋಡಿ ಬೆರಗಾದಳು. "ನಾರ್ಮಲ್ ಇದೆ ಮೇಡಂ. ಇಷ್ಟು ಸರಿಯಾಗಿರೋ ಬಿ.ಪಿ. ನಾನು ನೋಡೇ ಇಲ್ಲ."

ಸೂಜಿಯಕ್ಕ ಸಂಪೂರ್ಣ ಆರೋಗ್ಯವಾಗಿದ್ದಳು. ನಿಯಮಾವಳಿಯ ಪ್ರಕಾರ ಅವಳೀಗ ಯಾವ ಶಿಕ್ಷೆಗೂ ಅರ್ಹಳು.